ಕೊನೆಯ ಮಡಕೆಯ ಗಂಜಿ

ಹೊಳೆಯ ದಂಡೆಯಲ್ಲಿ ರುದ್ರಮ್ಮನವರ ಆಶ್ರಮ. ಅಲ್ಲಿಗೆ ಮೋಕ್ಷ ಬೇಕೆಂದು ಯಾರೂ ಬರುತ್ತಿರಲಿಲ್ಲ. ವ್ಯಾಪಾರ ಕಲಿಯಲು ಬರುತ್ತಿದ್ದರು.

ಪೇಟೆಯ ವರ್ತಕರು ಮಕ್ಕಳನ್ನು ತಂದು ಬಿಟ್ಟು, "ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವಂಥ ವ್ಯಾಪಾರ ಕಲಿಸಿ ಅಮ್ಮಾ" ಎಂದು ಕೈಮುಗಿಯುತ್ತಿದ್ದರು. ಮಾರನೆಯ ವಾರವೇ "ಕಲಿತಾಯಿತೇ?" ಎಂದು ಆಳು ಕಳಿಸುತ್ತಿದ್ದರು.

ರುದ್ರಮ್ಮ ಪಾಠ ಹೇಳುತ್ತಿರಲಿಲ್ಲ. ಆಟ ಆಡಿಸುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಎರಡರಲ್ಲಿ ಯಾವುದರಿಂದ ಹೆಚ್ಚು ಕಲಿತೆವು ಎಂಬುದರ ಬಗ್ಗೆ ಶಿಷ್ಯರಲ್ಲಿ ಒಮ್ಮತವಿರಲಿಲ್ಲ.

ಆಟ ಹೀಗೆ. ಹೊಳೆಗೆ ಇಳಿಯುವ ಮೆಟ್ಟಿಲುಗಳ ಮೇಲೆ ಒಂದರ ಕೆಳಗೊಂದು ಮಡಕೆ. ಪ್ರತಿ ಮಡಕೆಯೂ ಬಟ್ಟೆಗೆ ಬಣ್ಣ ಹಾಕುವ ಒಂದು ಬಣ್ಣದ ಮನೆ. ಒಬ್ಬ ಶಿಷ್ಯ ಅದರ ಯಜಮಾನ. ಮೇಲಿನ ಮಡಕೆಗೆ ಹೊಳೆಯ ತಿಳಿನೀರು. ಮೇಲಿನವನು ತನ್ನ ಬಟ್ಟೆಗಳನ್ನು ಅದ್ದಿ ಮುಗಿಸಿ, ಉಳಿದ ನೀರನ್ನು ಕೆಳಗಿನವನ ಮಡಕೆಗೆ ಸುರಿಯಬೇಕು. ಅವನು ತನ್ನ ಕೆಳಗಿನವನಿಗೆ.

ಬಣ್ಣ ಬಸಳೆ ಹಣ್ಣಿನದು, ಅರಿಸಿನದ್ದು. ಹೊಟ್ಟೆಗೆ ಹೋದರೂ ತೊಂದರೆಯಿಲ್ಲ. ಪಕ್ಕದಲ್ಲಿ ಒಂದು ಬುಟ್ಟಿ ಉಪ್ಪು. ಉಪ್ಪು ಹಾಕಿದರೆ ಬಣ್ಣ ಬೇಗ ಹಿಡಿಯುತ್ತದೆ, ಹಾಕದಿದ್ದರೆ ಕಾಯಬೇಕು. ಬಣ್ಣ ಹಿಡಿದ ಬಟ್ಟೆಯೊಂದಕ್ಕೆ ಹುಣಸೆ ಬೀಜವೊಂದು ಲಾಭ.

ಆಟ ಮುಗಿದ ಮೇಲೆ ಕೊನೆಯ ಮಡಕೆಯ ನೀರಿನಲ್ಲಿ ಗಂಜಿ ಕಾಯಿಸುತ್ತಿದ್ದರು. ಅಂದು ಎಲ್ಲರಿಗೂ ಅದೇ ಊಟ. ಮೊದಲ ಬೋಗುಣಿ ಗುರುವಿನದು. ಆ ಆಶ್ರಮದಲ್ಲಿ ಬೇಯಿಸಿದ್ದನ್ನು ಚೆಲ್ಲುವ ಹಾಗಿರಲಿಲ್ಲ. ಯಾರೂ ಮುಟ್ಟದೆ ಬಿಟ್ಟದ್ದನ್ನು ಗುರುವೇ ಉಂಡು ಮುಗಿಸಬೇಕು. ಅದು ರುದ್ರಮ್ಮ ತಮಗೆ ತಾವೇ ಹಾಕಿಕೊಂಡ ಕಟ್ಟು.

ಮುರಿಗೇಶ ಅವರ ಅಚ್ಚುಮೆಚ್ಚಿನ ಶಿಷ್ಯ. ಹೊಳೆಯ ಕೆಳಗಡೆ, ಪೇಟೆಯ ಅಂಚಿನಲ್ಲಿ, ಅವನ ಅಪ್ಪನ ನಿಜವಾದ ಬಣ್ಣದ ಮನೆ ಇತ್ತು. "ಆಶ್ರಮದ ಅಮ್ಮ ಅಪ್ಪಣೆ ಕೊಟ್ಟ ದಿನ ಬೀಗದ ಕೈ ನಿನ್ನದು" ಎಂದು ಅಪ್ಪ ಮಾತು ಕೊಟ್ಟಿದ್ದ.

ಆ ಬೆಳಿಗ್ಗೆ ಮುರಿಗೇಶ ಗುರುವಿನ ಕಾಲಿಗೆ ಲೇಪ ಹಚ್ಚುತ್ತಿದ್ದ. ಕಾಲು ಊದಿಕೊಂಡು ಬೆರಳಿಟ್ಟಲ್ಲಿ ಗುಳಿ ಬೀಳುತ್ತಿತ್ತು. ಉಪ್ಪು ಇನ್ನು ನಾಲಿಗೆಗೆ ಸೋಕಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿ ಹೋಗಿದ್ದರು. ಗುರುವಿನ ಸಪ್ಪೆ ಅಡಿಗೆಯನ್ನು ಈಗ ಮುರಿಗೇಶನೇ ಮಾಡುತ್ತಿದ್ದ.

"ಅಮ್ಮಾ, ಅಪ್ಪ ಮತ್ತೆ ಹೇಳಿಕಳಿಸಿದ್ದಾರೆ."

"ಏನಂತೆ?"

"ಕಲಿತಾಯಿತೇ ಅಂತ."

"ನೀನೇನಂದೆ?"

"ಆಗಿದೆ ಅಂತ ನನಗನಿಸುತ್ತದೆ. ನೀವು ಹೂಂ ಅನ್ನಬೇಕು."

ರುದ್ರಮ್ಮ ಕಾಲು ಎಳೆದುಕೊಂಡರು.

"ನಿಮ್ಮ ಬಣ್ಣದ ಮನೆಯ ನೀರು ಎಲ್ಲಿಗೆ ಹೋಗುತ್ತದೋ?"

"ಹೊಳೆಗೆ. ಇನ್ನೆಲ್ಲಿಗೆ ಅಮ್ಮಾ?"

"ಹೊಳೆಯ ಕೆಳಗೆ ಊರುಗಳಿವೆ."

ಮುರಿಗೇಶ ನಕ್ಕ. ಮಕ್ಕಳಿಗೆ ಸಮಾಧಾನ ಹೇಳುವವನ ನಗು.

"ಹೊಳೆ ದೊಡ್ಡದಿದೆ ಅಮ್ಮಾ. ಎಷ್ಟು ಸುರಿದರೂ ಕರಗಿ ಹೋಗುತ್ತದೆ. ಅಪ್ಪ ಯಾವಾಗಲೂ ಹೇಳುವ ಮಾತು ಇದು."

"ಸರಿ. ಇವತ್ತು ಮೇಲಿನ ಮಡಕೆ ನಿನ್ನದು."

"ಗೆದ್ದರೆ ಅಪ್ಪಣೆ ಕೊಡುತ್ತೀರಾ?"

"ಗೆದ್ದೆ ಅಂತ ನಿನಗನಿಸಿದರೆ ಬಂದು ಕೇಳು."

ಆಟ ಶುರುವಾಯಿತು. ಮೇಲೆ ಮುರಿಗೇಶ, ಬಸಳೆಯ ನೇರಳೆ ಬಣ್ಣ. ನಡುವೆ ಕಲ್ಲೇಶ, ಬೆಲ್ಲದ ವ್ಯಾಪಾರಿಯ ಮಗ, ಅರಿಸಿನ. ಕೊನೆಯ ಮಡಕೆ ಗಾಣದ ಮನೆಯ ಮಗಳು ದಾನಮ್ಮನದು. ಅವಳದೂ ಅರಿಸಿನವೇ.

ಹಿಂದಿನ ಆಟಗಳಲ್ಲೆಲ್ಲ ಶಿಷ್ಯರು ಉಪ್ಪನ್ನು ಚಿಟಿಕೆಯಲ್ಲಿ ಹಾಕಿದ್ದರು. ಕಾದಿದ್ದರು, ಆಕಳಿಸಿದ್ದರು. ಯಾರಿಗೂ ಹೇಳಿಕೊಳ್ಳುವಂಥ ಲಾಭ ಬಂದಿರಲಿಲ್ಲ. ಗಂಜಿ ಮಾತ್ರ ಬಾಯಿಗಿಡುವ ಹಾಗಿರುತ್ತಿತ್ತು.

ಮುರಿಗೇಶ ಬುಟ್ಟಿಗೆ ಕೈ ಹಾಕಿ ಬೊಗಸೆ ತುಂಬ ಉಪ್ಪು ತೆಗೆದ.

"ಏಯ್!" ಕೆಳಗಿನಿಂದ ದಾನಮ್ಮ ಕೂಗಿದಳು. "ಕೈ ಜಾರಿತೇನೋ?"

"ಇಲ್ಲ." ಇನ್ನೊಂದು ಬೊಗಸೆ ಸುರಿದ.

ಬಟ್ಟೆ ಅದ್ದಿದ್ದೇ ತಡ ಬಣ್ಣ ಹಿಡಿಯಿತು. ಅದ್ದಿದ, ಹಿಂಡಿದ, ಎಸೆದ. ಮತ್ತೆ ಅದ್ದಿದ. ಹುಣಸೆ ಬೀಜಗಳು ಅವನ ಪಂಚೆಯ ಮಡಿಲಿಗೆ ಬಿದ್ದವು. ಮಿಕ್ಕ ನೇರಳೆ ನೀರನ್ನು ಕಲ್ಲೇಶನ ಮಡಕೆಗೆ ಬಗ್ಗಿಸಿದ.

ಕಲ್ಲೇಶ ಅರಿಸಿನ ಕಲಸಿ ಬಟ್ಟೆ ಅದ್ದಿ ಎತ್ತಿದ. ಅತ್ತ ಹಳದಿಯೂ ಅಲ್ಲ, ಇತ್ತ ನೇರಳೆಯೂ ಅಲ್ಲ.

"ಸಗಣಿ ಬಣ್ಣ ಬರುತ್ತಿದೆಯಲ್ಲೋ! ಯಾರು ಕೊಳ್ಳುತ್ತಾರೆ ಇದನ್ನು?"

"ಮಾರುವುದು ನಿನ್ನ ಜಾಣತನ" ಎಂದ ಮುರಿಗೇಶ.

"ನಿನ್ನ ನೀರು ಹೀಗಿದ್ದರೆ ನಾನೇನು ಮಾಡಲಿ?"

"ಬೇಗ ಮೇಲಿನ ಮೆಟ್ಟಿಲಿಗೆ ಬರುವುದನ್ನು ಕಲಿ."

ಕಲ್ಲೇಶನ ಮುಖ ಕೆಂಪಾಯಿತು. ಹಲ್ಲು ಕಚ್ಚಿ ತಾನೂ ಒಂದು ಬೊಗಸೆ ಉಪ್ಪು ಎತ್ತಿ ಸುರಿದ.

"ನೀನ್ಯಾಕೋ ಹಾಕಿದೆ?" ದಾನಮ್ಮ ಚೀರಿದಳು.

"ಹೇಗೂ ಕೆಟ್ಟಿದೆಯಲ್ಲ! ನಾನೊಬ್ಬ ಬಿಟ್ಟರೆ ನೆಟ್ಟಗಾಗುತ್ತದಾ?"

ದಾನಮ್ಮನ ಮಡಕೆಗೆ ಬಂದದ್ದಕ್ಕೆ ನೀರು ಎನ್ನುವುದು ಕಷ್ಟ. ಅವಳು ಬಟ್ಟೆಯನ್ನು ಅದ್ದಲೇ ಇಲ್ಲ. ಮಡಕೆಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇದರಲ್ಲಿ ಗಂಜಿ ಕಾಯಬೇಕು. ನೆನಪಿದೆಯೇನಪ್ಪಾ ಸಾಹುಕಾರ?"

"ಇದೆ. ಉಪ್ಪು ಇಷ್ಟೇ ಹಾಕಬೇಕು ಅಂತ ಅಮ್ಮ ಯಾವತ್ತಾದರೂ ಹೇಳಿದ್ದಾರಾ?"

"ಹೇಳಬೇಕಾ?"

"ಹೇಳದಿದ್ದರೆ ಅದು ನಿಯಮವಲ್ಲ."

ರುದ್ರಮ್ಮ ಅರಳಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬೈಯಲಿಲ್ಲ. ಅವರು ಬೈಯದೆ ಕೂತದ್ದನ್ನು ಕಂಡು ದಾನಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.

ಗಂಜಿ ಕುದಿಯಿತು. ಒಲೆಯ ಮೇಲಿನ ಪಾತ್ರೆಯಲ್ಲಿ ಕೊಚ್ಚೆಯಂಥದ್ದೇನೋ ಗುಳುಗುಳು ಎನ್ನುತ್ತಿತ್ತು.

ಆಗ ಮುರಿಗೇಶ ಮರದ ಹಿಂದಿನಿಂದ ಒಂದು ಬುತ್ತಿಗಂಟು ತಂದು ಬಿಚ್ಚಿದ. ಮನೆಯಿಂದ ತರಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ.

ಕಲ್ಲೇಶ ಬಾಯಿ ಬಿಟ್ಟ. "ಮೊದಲೇ ತರಿಸಿದ್ದೆಯಾ?"

"ಮುಂದಾಲೋಚನೆ ಅಂತಾರೆ ಇದಕ್ಕೆ. ನಿನಗೂ ಬೇಕಾ? ಬೀಜ ಕೊಡು, ರೊಟ್ಟಿ ತಗೋ."

ಕಲ್ಲೇಶ ಬೈದುಕೊಳ್ಳುತ್ತಲೇ ಸಗಣಿ ಬಣ್ಣಕ್ಕೆ ಸಿಕ್ಕಿದ್ದ ಬೀಜಗಳನ್ನೆಲ್ಲ ಕೊಟ್ಟ. ರೊಟ್ಟಿ ಇಸಿದುಕೊಂಡು ಬೆನ್ನು ತಿರುಗಿಸಿ ಕೂತು ತಿಂದ.

"ನಿನಗೆ, ದಾನಮ್ಮ?"

"ನನ್ನ ಮಡಕೆಯಲ್ಲಿ ಒಂದು ಬಟ್ಟೆಯನ್ನೂ ಅದ್ದುವ ಹಾಗಿರಲಿಲ್ಲ. ಬೀಜ ಎಲ್ಲಿಂದ ತರಲಿ?"

"ಸಾಲ ಕೊಡುತ್ತೇನೆ."

"ನಿನ್ನ ಸಾಲವನ್ನು ನಿನ್ನ ಎಣ್ಣೆಗಾಯಿಯಲ್ಲೇ ಅದ್ದಿಕೊಂಡು ತಿನ್ನು."

ಮುರಿಗೇಶ ಮಡಿಲು ತುಂಬ ಬೀಜ ಹಿಡಿದು ಗುರುವಿನ ಮುಂದೆ ನಿಂತ.

"ಅಮ್ಮಾ, ಗೆದ್ದೆ."

"ಹೌದೇನು?"

"ನೋಡಿ ಬೇಕಾದರೆ. ನಿಯಮ ಒಂದನ್ನೂ ಮುರಿದಿಲ್ಲ. ಅಪ್ಪಣೆ ಕೊಡಿ."

"ಊಟ ಆಗಲಿ" ಎಂದರು ರುದ್ರಮ್ಮ. "ಬೋಗುಣಿ ತಾ."

ಮುರಿಗೇಶ ತಡವರಿಸಿದ.

"ನಿಮ್ಮ ಸಪ್ಪೆ ಅನ್ನ ಬೇರೆ ಮಾಡಿಟ್ಟಿದ್ದೇನೆ ಅಮ್ಮಾ."

"ಇವತ್ತು ಆಟದ ದಿನ. ಬೋಗುಣಿ ತಾ ಅಂದೆ."

ಅವನು ಅಲುಗಲಿಲ್ಲ. ರುದ್ರಮ್ಮ ತಾವೇ ಎದ್ದು, ಊದಿದ ಕಾಲು ಎಳೆದುಕೊಂಡು ಹೋಗಿ, ಸೌಟಿನಿಂದ ಬಡಿಸಿಕೊಂಡು ಕೂತರು. ಬೋಗುಣಿ ಎತ್ತಿ ಕುಡಿದರು. ಮುಖ ಹಿಂಡಿತು. ಕಣ್ಣಲ್ಲಿ ನೀರು ಬಂತು. ಕೆಳಗಿಡಲಿಲ್ಲ.

"ಅಮ್ಮಾ! ವೈದ್ಯರು ಏನು ಹೇಳಿದ್ದಾರೆ?"

"ವೈದ್ಯರ ಮಡಕೆ ಈ ಮೆಟ್ಟಿಲ ಮೇಲೆ ಎಲ್ಲಿದೆಯೋ?"

"ಇದು ಬರೀ ಆಟ ಅಮ್ಮಾ!"

"ಬರೀ ಆಟವಾದರೆ ಬೀಜಗಳನ್ನು ಯಾಕೆ ಹಾಗೆ ಅವುಚಿಕೊಂಡಿದ್ದೀ?"

ಮುರಿಗೇಶ ಮಡಿಲು ಬಿಟ್ಟ. ಬೀಜಗಳು ಮೆಟ್ಟಿಲ ಮೇಲೆ ಚೆಲ್ಲಿ ಉರುಳಿದವು. ರುದ್ರಮ್ಮ ಎರಡನೆಯ ಬೋಗುಣಿ ಬಡಿಸಿಕೊಂಡರು.

ಈಗ ಅವನಿಗೆ ಸಿಟ್ಟು ಬಂತು. ಭಯ ಹುಟ್ಟಿದಾಗ ಬರುವಂಥ ಸಿಟ್ಟು.

"ನೀವು ಬೇಕೆಂದೇ ಮಾಡುತ್ತಿದ್ದೀರಿ! ನನಗೆ ಶಿಕ್ಷೆ ಕೊಡಬೇಕು ಅಂತ!"

"ನಿನಗೆ ಶಿಕ್ಷೆಯಾ?" ರುದ್ರಮ್ಮನ ದನಿ ಏರಿತು. ಮರದ ಹಕ್ಕಿಗಳು ಎದ್ದು ಹಾರಿದವು. "ನಿನ್ನ ಹೊಟ್ಟೆಯಲ್ಲಿ ರೊಟ್ಟಿ ಇದೆ. ಉಪ್ಪು ಹೋಗುತ್ತಿರುವುದು ಯಾರ ಹೊಟ್ಟೆಗೆ? ನೋಡಿ ಹೇಳು!"

ಮುರಿಗೇಶ ಓಡಿಹೋಗಿ ಬುತ್ತಿಯಲ್ಲಿ ಮಿಕ್ಕ ರೊಟ್ಟಿ ತಂದ.

"ಇದನ್ನು ತಿನ್ನಿ. ಕಾಲು ಹಿಡಿಯುತ್ತೇನೆ."

"ನನ್ನ ಹತ್ತಿರ ಬೀಜವಿಲ್ಲ."

"ನಿಮಗೆ ಪುಕ್ಕಟೆ ಅಮ್ಮಾ!"

"ನನಗೆ ಪುಕ್ಕಟೆ. ಅವಳಿಗೆ ಸಾಲ. ಯಾರ ಕಾಲಿಗೆ ನೀನು ಲೇಪ ಹಚ್ಚುತ್ತೀಯೋ ಅವರಷ್ಟೇ ಮನುಷ್ಯರೇನೋ ನಿನಗೆ?"

ದಾನಮ್ಮ ಬಂದು ಗುರುವಿನ ಪಕ್ಕ ಕೂತಳು. "ನನಗೂ ಬಡಿಸಿ" ಎಂದಳು. ಒಂದು ಗುಟುಕು ಕುಡಿದು ಕೆಮ್ಮಿದಳು, ಮತ್ತೆ ಕುಡಿದಳು. ಕುಡಿಯುತ್ತಲೇ ಮುರಿಗೇಶನನ್ನು ದುರುಗುಟ್ಟಿ ನೋಡಿದಳು. ಕಲ್ಲೇಶ ತಿನ್ನುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟ.

"ಚೆಲ್ಲಿಬಿಡುತ್ತೇನೆ ಇದನ್ನು!" ಮುರಿಗೇಶ ಪಾತ್ರೆಗೆ ಕೈ ಹಾಕಿದ.

ರುದ್ರಮ್ಮ ಸೌಟಿನಿಂದ ಅವನ ಕೈಗೆ ಬಿಗಿದರು.

"ಎಲ್ಲಿಗೆ ಚೆಲ್ಲುತ್ತೀ?"

ಅವನು ಹೊಳೆಯ ಕಡೆ ನೋಡಿದ.

"ನಾನೇ ಕುಡಿಯುತ್ತೇನೆ, ಬಿಡಿ. ಎಲ್ಲವನ್ನೂ ನಾನೇ ಕುಡಿಯುತ್ತೇನೆ."

ಬೋಗುಣಿ ಕಸಿದುಕೊಂಡು ಬಾಯಿಗಿಟ್ಟ. ಒಂದೇ ಗುಟುಕು. ತಡೆಯಲು ನೋಡಿದ. ಆಗಲಿಲ್ಲ, ಮೆಟ್ಟಿಲ ಮೇಲೆ ಉಗಿದ. ಬಾಯಿ ಒರೆಸಿಕೊಳ್ಳುತ್ತಾ ತಲೆ ಎತ್ತಿದಾಗ ಎದುರಿಗೆ ಗುರುವಿನ ಕೈ ಚಾಚಿತ್ತು. ಬೋಗುಣಿ ವಾಪಸು ಬೇಕು.

ಕೊಟ್ಟ. ರುದ್ರಮ್ಮ ಅವನು ಬಿಟ್ಟದ್ದನ್ನು ಕುಡಿದರು.

ಮುರಿಗೇಶ ಬಿಂದಿಗೆ ಹಿಡಿದು ಹೊಳೆಗೆ ಓಡಿದ. ತುಂಬಿ ತಂದು ಗಂಜಿಯ ಪಾತ್ರೆಗೆ ಸುರಿದ. ಸೌಟಾಡಿಸಿ ನಾಲಿಗೆಗೆ ಹಚ್ಚಿ ನೋಡಿದ. ಉಪ್ಪು.

ಮತ್ತೆ ಓಡಿದ. ಮತ್ತೆ ಸುರಿದ. ಉಪ್ಪು.

ಪಾತ್ರೆ ತುಂಬುತ್ತಾ ಬಂತು. ತಳದಲ್ಲಿದ್ದ ಗಂಜಿ ಈಗ ಅಂಚಿಗೆ ಏರಿತು. ಇಷ್ಟು ಹೊತ್ತು ನಾಲ್ಕು ಜನರ ಊಟವಾಗಿದ್ದದ್ದು ಈಗ ಒಂದು ಮದುವೆಗೆ ಬಂದವರ ಊಟ. ಅಷ್ಟನ್ನೂ ಮುಗಿಸಬೇಕಾದವರು ಕಟ್ಟೆಗೆ ಒರಗಿ, ಕಾಲು ಚಾಚಿ, ಮುಂದಿನ ಬೋಗುಣಿಗೆ ಕೈ ನೀಡಿದರು. ಪಾದ ಬೆಳಿಗ್ಗೆಗಿಂತ ಹೆಚ್ಚು ಊದಿತ್ತು.

ಮುರಿಗೇಶ ಬಿಂದಿಗೆಯೊಂದಿಗೆ ಅಲ್ಲೇ ಕುಸಿದ.

"ಅಮ್ಮಾ, ಇಷ್ಟು ಸುರಿದರೂ ಹೋಗುತ್ತಿಲ್ಲ!"

ರುದ್ರಮ್ಮ ಕುಡಿಯುವುದನ್ನು ನಿಲ್ಲಿಸದೆ, ಬೋಗುಣಿಯ ಅಂಚಿನ ಮೇಲಿನಿಂದ ಅವನನ್ನು ನೋಡಿದರು.

"ಸುರಿ, ಮುರಿಗೇಶ. ಹೊಳೆ ದೊಡ್ಡದಿದೆ."