ಅಕ್ಕನ ಅರ್ಧ ಸಾಲು

ಕರೆದವರ ದನಿ ಕೇಳಿಸಿಕೊಳ್ಳುವ, ಹೋದವರನ್ನು ಮಡಿಲಲ್ಲಿಟ್ಟು ಕಾಯುವ ಭಗವಂತನಿಗೆ ಮೊದಲ ನಮಸ್ಕಾರ.

ಮೂಡಲ ಸಮುದ್ರದಾಚೆ, ತಿಮೋರ್ ದ್ವೀಪದ ತುದಿಯಲ್ಲಿ ಫತಲುಕು ಎಂಬ ಜನರಿದ್ದಾರೆ. ಭತ್ತ ಕೊಯ್ದ ಮೇಲೆ ಹೆಗಲಿಗೆ ಹೆಗಲು ಕೊಟ್ಟು, ಹಾಡುತ್ತಾ, ಕಾಲಿನಿಂದಲೇ ತೆನೆ ತುಳಿಯುತ್ತಾರೆ. ಹಾಡಿನ ಅರ್ಧ ಸಾಲು ಒಬ್ಬರದು, ಉಳಿದರ್ಧ ಜೊತೆಗಾರರದು.

ಜಸಿಂತಾಳ ಜೊತೆ ಹಾಡುತ್ತಿದ್ದವಳು ಅವಳ ಅಕ್ಕ ಒಲಿಂದಾ. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಸುಗ್ಗಿ ಬಂತು. ಅಕ್ಕತಂಗಿಯರಿಗೆ ಹಾಡು ಕಲಿಸಿದ್ದ ಎರ್ಮೆಲಿಂಡಾ ಅಜ್ಜಿಯ ಬಳಿ ಜಸಿಂತಾ ಹೋದಳು.

"ಅಜ್ಜಿ, ಅಕ್ಕನ ಅರ್ಧವನ್ನೂ ನಾನೇ ಹಾಡ್ತೀನಿ. ಇಲ್ಲದಿದ್ರೆ ಅವಳು ಪೂರ್ತಿ ಹೋಗಿಬಿಡ್ತಾಳೆ."

"ಹಾಡು," ಅಂದಳು ಅಜ್ಜಿ.

ಕಣದಲ್ಲಿ ಜಸಿಂತಾ ತನ್ನ ಅರ್ಧ ಮುಗಿಸಿ, ಉಸಿರೂ ತೆಗೆದುಕೊಳ್ಳದೆ ಅಕ್ಕನ ಅರ್ಧಕ್ಕೆ ಹಾರಿದಳು. ಹೆಜ್ಜೆ ತಪ್ಪಿತು. ಹೆಗಲು ಕೊಟ್ಟವರೆಲ್ಲ ಮುಗ್ಗರಿಸಿದರು.

"ಇಬ್ಬರ ಅನ್ನ ಒಬ್ಬಳೇ ಉಂಡ ಹಾಗಾಯ್ತು," ಅಂದಳು ಅಜ್ಜಿ. "ನಿನ್ನದಷ್ಟೇ ಹಾಡು. ಆಮೇಲೆ ಸುಮ್ಮನಿರು. ಕಾಲು ಮಾತ್ರ ನಿಲ್ಲಿಸಬೇಡ."

ಹಾಗೇ ಮಾಡಿದಳು. ಅಕ್ಕನ ದನಿ ಬರಬೇಕಾದಲ್ಲಿ ಹುಲ್ಲಿನ ಸರಸರ ಮಾತ್ರ. ಎರಡು ದಿನ ಅಳುತ್ತಲೇ ತುಳಿದಳು.

ಮೂರನೆಯ ದಿನ ಅಜ್ಜಿ ತನ್ನದೊಂದು ಸಾಲು ಎತ್ತಿದಳು. ಅರ್ಧಕ್ಕೆ ನಿಲ್ಲಿಸಿದಳು. ಪ್ರತಿ ಸುಗ್ಗಿಗೂ ಅಷ್ಟೇ. ಉಳಿದರ್ಧ ಇಲಿ ತಿಂದಿರಬೇಕು ಎಂದು ಹುಡುಗಿಯರು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಒಲಿಂದಾ, ಜಸಿಂತಾ.

ಇವತ್ತು ಜಸಿಂತಾ ನಗಲಿಲ್ಲ. ಆ ಮೌನದಲ್ಲಿ ಅಜ್ಜಿಯ ಹೆಜ್ಜೆ ಒಂದೂ ತಪ್ಪಲಿಲ್ಲ. ಮುಖ ಮಾತ್ರ ಗುಡ್ಡದ ದಾರಿಯ ಕಡೆಗಿತ್ತು.

"ಅದನ್ನ ಯಾರು ಮುಗಿಸಬೇಕಿತ್ತು ಅಜ್ಜಿ?"

"ನಮ್ಮ ಯಜಮಾನರು. ಯುದ್ಧದ ವರ್ಷ ಆ ಗುಡ್ಡ ಹತ್ತಿ ಹೋದರು, ಇನ್ನೂ ಬಂದಿಲ್ಲ."

ಜಸಿಂತಾ ಗುಡ್ಡದ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಉಳಿದರ್ಧ ನನಗೆ ಬರುತ್ತೆ. ನಾನು ಹಾಡಲಾ?"

ಅಜ್ಜಿ ಅವಳ ಹೆಗಲ ಮೇಲೆ ಕೈ ಹಾಕಿ, ಮತ್ತೆ ಹೆಜ್ಜೆ ಎತ್ತಿದಳು.

"ಊರಿಗೆಲ್ಲ ಬರುತ್ತೆ ಮಗಳೇ. ಆದರೆ ಸರದಿ ಇನ್ನೂ ಅವರದೇ."

ಕೇಳಿದವರೆಲ್ಲರ ಮನೆಯ ಒಲೆ ಆರದಿರಲಿ. ಕಾಯುವವರ ಪಕ್ಕದಲ್ಲಿ ದೇವರು ಕೂತಿರಲಿ.