ನಡುವೆ ಬೆಳೆದ ನೀರು

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಗುರು. ಊರವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಗಂಡ ತೀರಿದ ಮೇಲೆ ಹಾಲವ್ವ ಅಲ್ಲಿಗೆ ಬಂದು ಸೇರಿದ್ದಳು. ರೊಟ್ಟಿ ಬಡಿಯುವುದು ಅವಳ ಕೆಲಸ. ಅಜ್ಜಾರ ಮಾತನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಡುವುದು ಅವಳ ಸುಖ.

ಆಚೆ ದಡದ ಊರು ಅವಳ ತವರು. ಮದುವೆಯಾಗಿ ಈಚೆ ಬಂದ ಹೊಸದರಲ್ಲಿ ಹೊಳೆ ಸಣ್ಣದಿತ್ತು. ಸಂಜೆಯಾದರೆ ಅವ್ವ ಅಲ್ಲಿಂದ ಕೂಗುತ್ತಿದ್ದಳು: "ಹಾಲೀ, ಉಂಡೇನ?"

ಇವಳು ಇಲ್ಲಿಂದ ಕೂಗುತ್ತಿದ್ದಳು: "ಉಂಡೆ ಯವ್ವಾ!"

ಆಮೇಲೆ ಕೆಳಗೆಲ್ಲೋ ಅಣೆಕಟ್ಟು ಎದ್ದಿತು. ಹಿನ್ನೀರು ಬಂತು. ವರ್ಷ ಕಳೆದಂತೆ ನೀರು ಅಗಲವಾಯಿತು. ಎರಡೂ ಊರು ಇದ್ದಲ್ಲೇ ಇದ್ದವು. ಆದರೂ ಆಚೆ ದಡ ಕಾಡಿಗೆಯ ಗೆರೆಯಷ್ಟಾಯಿತು.

ಏಳು ವರ್ಷದ ಹಿಂದೆ ಅವ್ವ ಸತ್ತಳು. ಮಳೆಗಾಲ. ಎರಡು ದಿನ ದೋಣಿ ಬಿಡಲಿಲ್ಲ. ತಂಗಿ ಈರವ್ವ ಕಾಯದೆ ಮಣ್ಣು ಮಾಡಿಸಿದಳು.

"ನನ್ನ ಬಿಟ್ಟು ಅವ್ವನ ಮ್ಯಾಲೆ ಮಣ್ಣು ಹಾಕ್ಯಾಳ. ತಪ್ಪಾತು, ಬಾ ಅಂತ ಆಕಿನೇ ನನ್ನ ಕರೀಬೇಕು. ಅಲ್ಲೀತನಕ ನಾ ಆ ದಡ ತುಳಿಯಂಗಿಲ್ಲ," ಎಂದಿದ್ದಳು ಹಾಲವ್ವ.

ತುಳಿಯಲೂ ಇಲ್ಲ.

ಒಂದು ಮುಂಜಾನೆ ಅಂಬಿಗರ ಹುಲಿಗೆಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಹಾಲವ್ವ ಸಜ್ಜೆ ಹಿಟ್ಟು ನಾದುತ್ತಿದ್ದಳು. ಅಜ್ಜಾರು ಪಕ್ಕದಲ್ಲಿ ಕೂತು ಎಳ್ಳಿನ ಕಸ ಆರಿಸುತ್ತಿದ್ದರು.

"ಅಕ್ಕಾ, ಈರವ್ವಕ್ಕಗ ಆರಾಮಿಲ್ಲರಿ. ಹಾಸಿಗಿ ಹಿಡದಾಳ. 'ಅಕ್ಕ ಬಂದಳೇನು' ಅಂತ ಕೇಳಿದ್ಳು."

ಹಾಲವ್ವನ ಕೈ ನಿಂತಿತು.

"ನನ್ನ ಕರ್ಕೊಂಡು ಬಾ ಅಂದ್ಳೇನು?"

"ಹಂಗ ಅನಲಿಲ್ಲರಿ. ಬಂದಳೇನು ಅಂತ ಕೇಳಿದ್ಳು."

"ಕೇಳೋದು ಬ್ಯಾರೆ, ಕರೆಯೋದು ಬ್ಯಾರೆ, ಹುಲಿಗೆಪ್ಪ."

"ನೀವು ಓದಿದವರು, ನಿಮಗ ಗೊತ್ತು," ಎಂದು ಹುಲಿಗೆಪ್ಪ ಟವಲ್ಲು ಕೊಡವಿ ಹೊರಟುಹೋದ.

ಹಾಲವ್ವ ಮತ್ತೆ ಹಿಟ್ಟು ನಾದಿದಳು. ಬೇಕಾದ್ದಕ್ಕಿಂತ ಜೋರಾಗಿಯೇ ನಾದಿದಳು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗದವಳಂತೆ ಕೇಳಿದಳು.

"ಅಜ್ಜಾರ, ನಿನ್ನೆ ಪಾಠದಾಗ ಈ ವಿಶ್ವ ಹಿಗ್ಗಾಕ ಹತ್ತೇತಿ ಅಂದ್ರಿ. ಅದರ ಆಕಾರ ಎಂಥಾದ್ದು? ದುಂಡಗೋ, ಚಪ್ಪಟೆಯೋ?"

"ಅಳೆದವರು ಚಪ್ಪಟೆ ಅಂತಾರ. ನಿನ್ನ ರೊಟ್ಟಿ ಇದ್ದಂಗ."

"ಅಂಚು ಎಲ್ಲೈತಿ?"

"ರೊಟ್ಟಿಗೆ ಐತಿ. ವಿಶ್ವದ್ದು ಯಾರಿಗೂ ಕಂಡಿಲ್ಲ. ಹೋಲಿಕಿ ಅಲ್ಲೀತನಕ ಅಷ್ಟ."

"ನಡು?"

"ಇಲ್ಲಿ ನಿಂತು ನೋಡಿದ್ರ ಎಲ್ಲಾರೂ ನಮ್ಮಿಂದ ದೂರ ಹೋದಂಗ ಕಾಣತೈತಿ."

"ಹಂಗಾದ್ರ ನಾವ ನಡು."

"ಅಲ್ಲಿ ನಿಂತವರೂ ಹಿಂಗ ಅಂತಾರ," ಎಂದರು ಅಜ್ಜಾರು. "ನೀ ಅತ್ತ ಸರಿ. ಇವತ್ತು ನಾ ಬಡೀತೀನಿ."

ಹಾಲವ್ವನಿಗೆ ನಗು ಬಂತು. "ನೀವು ಬಡದ ರೊಟ್ಟಿ ನಾಯಿನೂ ಮೂಸಂಗಿಲ್ಲರಿ."

ಅಜ್ಜಾರು ಹಿಟ್ಟಿನ ಮುದ್ದೆಯನ್ನು ಮಣೆಯ ಮೇಲಿಟ್ಟು ತುಸು ತಟ್ಟಿದರು. ಅಂಚಿನಲ್ಲಿ ಒಂದು ಚೂರು ಬೆಲ್ಲ ಒತ್ತಿದರು. ಗೋಡೆಯ ಮೇಲೆ ಹೊರಟಿದ್ದ ಇರುವೆಯೊಂದನ್ನು ಬೆರಳಿಗೆ ಹತ್ತಿಸಿಕೊಂಡು, ಇನ್ನೊಂದು ಅಂಚಿಗೆ ಬಿಟ್ಟರು.

ಇರುವೆ ಬೆಲ್ಲದ ವಾಸನೆ ಹಿಡಿದು ಹೊರಟಿತು.

ಅಜ್ಜಾರು ನಡುವಿನ ಹಿಟ್ಟನ್ನು ತಟ್ಟತೊಡಗಿದರು. ಮೆಲ್ಲಗೆ, ಆಮೇಲೆ ಬೇಗಬೇಗ. ಇರುವೆ ನಡೆಯಿತು. ಹಿಟ್ಟು ಅಗಲವಾಯಿತು. ಇರುವೆ ಎರಡು ಬೆರಳು ನಡೆದಿತ್ತು. ಬೆಲ್ಲಕ್ಕೆ ಮೊದಲು ನಾಲ್ಕು ಬೆರಳಿದ್ದ ದೂರ ಈಗ ಗೇಣಾಗಿತ್ತು.

"ಇರುವಿ ನಿಂತಿತೇನು?"

"ಇಲ್ಲರಿ."

"ಬೆಲ್ಲ ಓಡಿತೇನು?"

"ಬೆಲ್ಲಕ್ಕೆಲ್ಲಿ ಕಾಲು?"

"ಮತ್ತ ಈ ದೂರ ಎಲ್ಲಿಂದ ಬಂತು?"

ಇರುವೆ ಇನ್ನೂ ನಡೆಯುತ್ತಲೇ ಇತ್ತು.

"ಆಕಾಶದಾಗ ಬಾಳ ದೂರ ಚಿಕ್ಕಿಗೊಳ ಹಿಂಡು ಅದಾವ," ಎಂದರು ಅಜ್ಜಾರು. "ಅವು ಇವತ್ತು ಬಿಟ್ಟ ಬೆಳಕು ಹಾದ್ಯಾಗ ಎಲ್ಲೂ ನಿಲ್ಲಂಗಿಲ್ಲ. ಆದ್ರೂ ನಮಗ ಎಂದೂ ಮುಟ್ಟಂಗಿಲ್ಲ."

"ಅಯ್ಯ ಪಾಪ."

"ಯಾರು ಪಾಪ? ಕಳಿಸಿದವರೋ, ಕಾದವರೋ?"

ಹಾಲವ್ವ ಕೈ ತೊಳೆದುಕೊಂಡು ಹೋಗಿ ನೋಟ್‌ಬುಕ್ಕು ತಂದಳು. ಇರುವೆ, ಬೆಲ್ಲ, ಬೆಳಕು, ಎಲ್ಲವನ್ನೂ ಬರೆದಳು. ಕೆಳಗೊಂದು ಗೆರೆ ಎಳೆದಳು.

"ಬರಕೊಂಡಿ?"

"ಬರಕೊಂಡೆರಿ."

"ಹಂಗಾದ್ರ ಹೋಗು."

"ಎಲ್ಲಿಗ್ರಿ?"

ಅಜ್ಜಾರು ಇರುವೆಯನ್ನು ಗೋಡೆಗೆ ಬಿಟ್ಟು ಎದ್ದುಹೋದರು.

ನಾಲ್ಕನೆಯ ದಿನ ಮತ್ತೆ ಹುಲಿಗೆಪ್ಪನ ದೋಣಿ ಬಂತು. ಅಷ್ಟರಲ್ಲಿ ನೀರು ಏರಿ ಆಶ್ರಮದ ಮೆಟ್ಟಿಲಲ್ಲಿ ಒಂದನ್ನು ನುಂಗಿತ್ತು. ಅಜ್ಜಾರು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದರು. ಹಾಲವ್ವ ಪಾತ್ರೆ ತೊಳೆಯುತ್ತಿದ್ದಳು.

ಹುಲಿಗೆಪ್ಪ ದೋಣಿಯಿಂದ ಇಳಿಯಲಿಲ್ಲ. ಹುಟ್ಟು ಹಿಡಿದುಕೊಂಡೇ ಹೇಳಿದ.

"ಮೊನ್ನೆ ರಾತ್ರಿ ಹೋದಳ್ರಿ ಈರವ್ವಕ್ಕ. ನಿನ್ನೆ ಮಣ್ಣಾತು. ಮಗಳು ಶಿವಲೀಲಾ ನಿಂತು ಮಾಡಿಸಿದ್ಳು. ನಿನ್ನೆ ಗಾಳಿ ಬಾಳ ಇತ್ತು, ದೋಣಿ ಬಿಡಾಕ ಆಗಲಿಲ್ಲ."

ಹಾಲವ್ವನ ಕೈಯಿಂದ ತಂಬಿಗೆ ಜಾರಿ ನೀರಿಗೆ ಬಿತ್ತು. ಅವಳು ಅದನ್ನು ನೋಡಲಿಲ್ಲ.

"ಕಾಯಲಿಲ್ಲ," ಎಂದಳು. "ಮಗಳೂ ತಾಯಿಯಂಗ. ಕಾಯಲಿಲ್ಲ! ಸಾಯೋತನಕ ಆಕಿ ಒಂದು ಸಲ ನನ್ನ ಕರೀಲಿಲ್ಲ."

ಹುಲಿಗೆಪ್ಪ ಅವಳನ್ನು ವಿಚಿತ್ರವಾಗಿ ನೋಡಿದ.

"ಹಂಗ್ಯಾಕ ಅಂತೀರಿ ಅಕ್ಕಾ? ಏಳು ವರ್ಷ, ಸೋಮವಾರಕ್ಕೊಮ್ಮೆ ಆ ದಡದಾಗ ನಿಂತು ಕೂಗಿದ್ಳಲ್ಲರಿ. 'ಅಕ್ಕಾ, ತಪ್ಪಾತು, ಬಾ' ಅಂತ. ನಿಮ್ಮ ಅವ್ವ ನಿಂತು ಕೂಗತಿದ್ದ ಕಲ್ಲಿನ ಮ್ಯಾಲೆನ."

ಹಾಲವ್ವ ನೀರನ್ನು ನೋಡಿದಳು. ಆಚೆ ದಡವನ್ನು ನೋಡಿದಳು. ಗೆರೆ ಇತ್ತು, ಅಷ್ಟೆ.

"ನನಗ ಹೇಳಲಿಲ್ಲ ನೀನು."

"ನಿಮಗ ಕೇಳಸತೈತಿ ಅಂತ ತಿಳಿದಿದ್ವಿರಿ. ಊರೆಲ್ಲ ಹಂಗ ತಿಳಿದಿತ್ತು. ಆಕಿನೂ ಹಂಗ ಅಂತಿದ್ಳು: 'ಕೇಳಿನೂ ಸುಮ್ಮನದಾಳ ನಮ್ಮಕ್ಕ. ಒಂದು ಸಲ ಓ ಅನ್ನಲಿ, ನಾನ ಹೋಗತೀನಿ.'"

ತಂಬಿಗೆ ಒಂದಿಷ್ಟು ದೂರ ತೇಲಿ, ಓರೆಯಾಗಿ, ಮುಳುಗಿತು.

"ಶಿವಲೀಲಾ ಏನರ ಅಂದ್ಳೇನು?" ಹಾಲವ್ವನ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಏನೂ ಅನಲಿಲ್ಲರಿ. ಮಣ್ಣು ಮುಗಿಸಿ ಬಂದು ಆ ಕಲ್ಲಿನ ಮ್ಯಾಲೆ ಕುಂತಾಳ. ಕೂಗಂಗಿಲ್ಲ. ಕುಂತಾಳ ಅಷ್ಟ."

ಹಾಲವ್ವ ಮೆಟ್ಟಿಲು ಹತ್ತಿ ಅಜ್ಜಾರ ಮುಂದೆ ನಿಂತಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಜ್ಜಾರ, ಆ ಹುಡುಗಿ ನನ್ನ ಕರದಿಲ್ಲ. ನಾ ಹೆಂಗ ಹೋಗಲಿ?"

ಅಜ್ಜಾರು ಕೆಳಗೆ ನೋಡಿದರು. ಎರಡನೆಯ ಮೆಟ್ಟಿಲು ಆಗಲೇ ಅರ್ಧ ಒದ್ದೆಯಾಗಿತ್ತು.

"ನೀರು ಏರಾಕ ಹತ್ತೇತಿ, ಹಾಲವ್ವ. ಹುಲಿಗೆಪ್ಪ ಇನ್ನೂ ದೋಣಿ ಕಟ್ಟಿಲ್ಲ."