ದುಂಡ್ಯಾನ ಕುತ್ತಿಗೆ ನೆಟ್ಟಗಾದದ್ದು

ಕೂತವರೆಲ್ಲ ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ಗೋಡೆ ಸಿಕ್ಕವರು ಗೋಡೆಗೆ ಒರಗಿ. ಇದು ಕುತ್ತಿಗೆಯ ಕತೆ, ಬಗ್ಗಿಕೊಂಡು ಕೇಳಿದರೆ ನಿಮಗೇ ನಷ್ಟ.

ನೇಕಾರರ ಓಣಿಯಲ್ಲಿ ಬಾಳವ್ವ ಅಂತ ಒಬ್ಬಳಿದ್ದಳು. ತಲೆ ಮೇಲೆ ಗಡಿಗೆ ಹೊತ್ತು ಮೊಸರು ಮಾರುತ್ತಿದ್ದಳು. ಅವಳಿಗೊಬ್ಬನೇ ಮಗ, ದುಂಡ್ಯಾ. ಪೆದ್ದ ಅಂದರೆ ಪೆದ್ದ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲಿನ ಮುಂದೆ ಕೂತಿರು ಅಂದರೆ ಹಾಲು ಉಕ್ಕಿ ಒಲೆ ಆರಿದರೂ ಕೂತೇ ಇರುವವನು.

“ನನ್ನ ಹೊಟ್ಟ್ಯಾಗ ಹೆಂಗ ಹುಟ್ಟಿದ್ಯೋ!” ಅಂತ ಬಾಳವ್ವ ದಿನಕ್ಕೆ ಹತ್ತು ಸಲ ಹಣೆ ಬಡಿದುಕೊಳ್ಳುತ್ತಿದ್ದಳು.

ಆದರೆ ಮಗ್ಗದ ಮುಂದೆ ಕೂತರೆ ದುಂಡ್ಯಾನೇ ರಾಜ. ಎಂಟು ಎಳೆ ಕೆಂಪು, ನಾಲ್ಕು ಎಳೆ ಬಿಳಿ ಅಂದರೆ ಎಂಟೇ, ನಾಲ್ಕೇ. ಜಾಣರು ತಪ್ಪಿಯಾರು, ಇವನು ತಪ್ಪಲಾರ. ಮಗ್ಗ ಒಂದಿದ್ದರೆ ನಾನು ಸತ್ತ ಮೇಲೂ ನನ್ನ ಮಗ ಉಂಡಾನು ಅಂತ ತಾಯಿಗೆ ಧೈರ್ಯ.

ಎಳೆ ನೋಡಿ ನೋಡಿ ದುಂಡ್ಯಾನ ತಲೆ ಕೊಕ್ಕರೆಯ ಹಾಗೆ ಮುಂದೆ ಬಂತು. ತಲೆ ಮುಂದೆ ಬಂತು, ದವಡೆ ಜೋತು ಬಿತ್ತು. ಆಕಳಿಸಿದರೆ ಕಟಕ್! ರೊಟ್ಟಿ ಅಗಿದರೆ ಕಟಕ್! ಬಾಯಂತೂ ಮುಚ್ಚುವ ಮಾತೇ ಇಲ್ಲ. ಒಂದು ದಿನ ಟಪ್ ಅಂತ ಜೊಲ್ಲು ರೇಷ್ಮೆಯ ಮೇಲೇ ಬಿತ್ತು.

ಮಗ್ಗದ ಮಾಲಕ ಪರಪ್ಪ ಕೆಂಡವಾದ.

“ಬಾಳವ್ವಾ! ಹದಿನೈದು ದಿನ ಕೊಟ್ಟೀನಿ. ಇವನ ಕುತ್ತಿಗಿ ನೆಟ್ಟಗಾಗಲಿಲ್ಲಂದ್ರ ಮಗ್ಗ ಬಿಚ್ಚಿಕೊಂಡು ಹೋಗ್ತೀನಿ. ಯಾರ ಬಾಯಿಂದ ಹನಿ ಬಿದ್ರೂ ಅಷ್ಟ! ಕುತ್ತಿಗಿ ನೆಟ್ಟಗ ಮಾಡಿಕೊಂಡಾ ಮಗ್ಗಕ್ಕ ಬರಬೇಕು!”

ಬಾಳವ್ವ ಗಡಿಗೆ ಕೆಳಗಿಟ್ಟಳು. ಮಗನನ್ನು ಎಳೆದುಕೊಂಡು ಗರಡಿಮನೆಗೆ ಓಡಿದಳು. ಅಲ್ಲಿನ ಉಸ್ತಾದ ಇಮಾಮಸಾಬ ಎಂಥೆಂಥ ಪೈಲ್ವಾನರ ಕುತ್ತಿಗೆ ಸರಿ ಮಾಡಿದವನು. ದುಂಡ್ಯಾನ ಸುತ್ತ ಒಂದು ಸುತ್ತು ಬಂದ.

“ಹಿಮ್ಮಡ, ಬೆನ್ನ, ತಲಿ, ಮೂರೂ ಗೋಡಿಗೆ ಹಚ್ಚಿ ನಿಂದ್ರು. ಗದ್ದ ಒಳಗ ಎಳಕೋ. ಗೋಡಿ ಬಿಡಬ್ಯಾಡ! ಬಿಟ್ಟಿ ಅಂದ್ರ ಕುತ್ತಿಗಿ ಮತ್ತ ಮುಂದ ಬರತದ!”

ದುಂಡ್ಯಾ ನಿಂತ. ಬಾಳವ್ವ ಮೊಸರು ಮಾರಲು ಹೋದಳು. ಸಂಜೆ ಬಂದು ನೋಡಿದರೆ ಮಗ ಗರಡಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ! ಹುಡುಕುತ್ತ ಬಂದರೆ ಎರಡು ಮನೆಗಳ ನಡುವಿನ ಸಂದಿಯ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದಾನೆ. ಓಣಿಯ ಸುಣ್ಣವೆಲ್ಲ ಅವನ ಬೆನ್ನ ಮೇಲಿದೆ.

“ಯಾಕೋ ಇಲ್ಲಿ ನಿಂತಿ?”

“ಮನೀಗೆ ಬರಾಕತ್ತೀನಿ ಬೇ.”

“ಬಾ ಮತ್ತ!”

“ಹೆಂಗ ಬರಲಿ? ಗೋಡಿ ಮುಗೀತು!”

“ಏ ಹುಚ್ಚಪ್ಪಾ! ನೂರು ಎಣಿಸೂತನಕ ನಿಂದರಬೇಕು. ನೂರಾತಂದ್ರ ಸರದು ಬಂದುಬಿಡಬೇಕು!”

“ಮೊದಲ ಹೇಳಬಾರದಿತ್ತೇನ ಬೇ? ಮುಂದಿನ ಸಲ ನೋಡಕೋ!”

ಮರುದಿನ ಉಸ್ತಾದ ಹೇಳಿದ: “ತಲಿ ಮ್ಯಾಲೆ ಭಾರ ಇಟಗೊಂಡು ನಡಿಯಪ್ಪಾ. ನಿಮ್ಮವ್ವನ ಕುತ್ತಿಗಿ ನೋಡು, ಕಂಬ ಇದ್ದಂಗ ಐತಿ!”

ಭಾರಕ್ಕೇನು ಬರ? ಬಾಳವ್ವ ಹಳೇ ಬಟ್ಟೆಯ ಸಿಂಬಿ ಸುತ್ತಿ, ಮಗನ ತಲೆ ಮೇಲಿಟ್ಟು, ಅದರ ಮೇಲೆ ಮೊಸರಿನ ಗಡಿಗೆ ಕೂರಿಸಿದಳು. ದುಂಡ್ಯಾ ಹೊರಟ. ಕುತ್ತಿಗೆ ನೆಟ್ಟಗೆ, ಗದ್ದ ಒಳಗೆ, ನೋಡಲು ಎರಡು ಕಣ್ಣು ಸಾಲದು! ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು. ನೂರಾದದ್ದೇ ತಡ, ಗಡಿಗೆಯ ಕೆಳಗಿನಿಂದ ಪಕ್ಕಕ್ಕೆ ಸರಿದುಬಿಟ್ಟ. ಮೊಸರು ಓಣಿಯ ನಾಯಿಗಳ ಪಾಲಾಯಿತು.

“ಅಯ್ಯೋ ನನ್ನ ಗಡಿಗಿ!”

“ನೂರಾತು, ಸರದು ಬಂದೆ!”

“ತಲಿ ಮ್ಯಾಲೆ ಇಟ್ಟದ್ದನ್ನ ಎರಡೂ ಕೈಲೆ ಗಟ್ಟಿ ಹಿಡೀಬೇಕೋ! ಬ್ಯಾರೇದವರು ಬಂದು ಇಳಿಸೂತನಕ ಬಿಡಬಾರದು!”

“ಮೊದಲ ಹೇಳಬಾರದಿತ್ತೇನ ಬೇ? ಮುಂದಿನ ಸಲ ನೋಡಕೋ!”

ಹೀಗೇ ದಿನ ಹೋದವು. ಕುತ್ತಿಗೆ ಬೆರಳಷ್ಟು ಹಿಂದೆ ಬಂತು. ಆಮೇಲೆ ಉಸ್ತಾದ ದವಡೆಗೆ ಕೈ ಹಾಕಿದ. “ತುಟಿ ಮುಚ್ಚು. ಹಲ್ಲಿಗೆ ಹಲ್ಲು ತಾಗಸಬ್ಯಾಡ. ನಾಲಿಗಿ ಮ್ಯಾಲಿನ ಅಂಗುಳಕ್ಕ ಹಚ್ಚಿ ಇಟಗೋ. ದವಡಿ ತಾನ ಹಗರಾಗತದ.”

ಮೂರು ದಿನ ದುಂಡ್ಯಾ ರೊಟ್ಟಿ ಮುಟ್ಟಲಿಲ್ಲ. ಅಗಿದರೆ ಹಲ್ಲಿಗೆ ಹಲ್ಲು ತಾಗುತ್ತದಲ್ಲ! ಅಂಬಲಿ ಕುಡಿದೇ ಕಳೆದ.

ಆ ಹೊತ್ತಿಗೆ ಮಠದ ಅಯ್ಯನವರು ಓಣಿಗೆ ಬಂದರು. ಬಾಳವ್ವ ಮಗನನ್ನು ಅವರ ಕಾಲಿಗೆ ಬೀಳಿಸಿದಳು. ಅಯ್ಯನವರು “ಒಳ್ಳೇದಾಗಲಿ” ಅಂತ ಅವನ ತಲೆ ಮೇಲೆ ಕೈ ಇಟ್ಟರು. ಇಟ್ಟದ್ದೇ ತಪ್ಪಾಯಿತು! ದುಂಡ್ಯಾ ಎರಡೂ ಕೈಯಲ್ಲಿ ಆ ಕೈಯನ್ನು ಗಟ್ಟಿ ಹಿಡಿದ. ಎದ್ದ. ನೆಟ್ಟಗೆ ನಡೆದ. ಅಯ್ಯನವರು ಹಿಂದೆ ಹಿಂದೆ!

“ಬಿಡಪ್ಪಾ!”

“ಮ್‌ಮ್!” ತುಟಿ ಬಿಚ್ಚಬಾರದಲ್ಲ.

“ಬಿಡೋ ಮಾರಾಯಾ!”

“ಮ್‌ಮ್!”

ಅರ್ಧ ಓಣಿ ದಾಟಿದ ಮೇಲೆ ನಾಲ್ಕು ಮಂದಿ ಸೇರಿ ಅಯ್ಯನವರ ಕೈಯನ್ನು ಇಳಿಸಿದರು. ಬಾಳವ್ವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಂತಲ್ಲೇ ಅತ್ತುಬಿಟ್ಟಳು.

“ನಾಳಿಗೆ ಮಾಲಕರು ಬರ್ತಾರೋ! ಮಗ್ಗ ಹೋದ್ರ ನಿನ್ನ ಯಾರು ನೋಡ್ತಾರೋ? ನೀ ಮಗ್ಗದ ಕುಣಿಯೊಳಗ ಕೂತುಬಿಡು. ಮ್ಯಾಲೆ ಮಾತ್ರ ಬರಬ್ಯಾಡ! ಉಸ್ತಾದರು ಹೇಳಿದಂಗ ಕೂಡು.”

ಉಸ್ತಾದ ಕೊನೆಗೆ ಹೇಳಿದ್ದೇನು? “ಕಣ್ಣು ಕೆಲಸದ ಕಡೆ ಇಳಿಬಾರದು. ಕೆಲಸ ಕಣ್ಣಿನ ಮಟ್ಟಕ್ಕ ಬರಬೇಕು.” ಇವರದು ಕುಣಿಮಗ್ಗ, ನೆಲದ ಗುಂಡಿಯ ಮೇಲೆ ಹೂಡಿದ ಮಗ್ಗ. ಕುಣಿಯಲ್ಲಿ ಕಾಲು ಇಳಿಬಿಟ್ಟು ದಂಡೆಯ ಮೇಲೆ ಕೂತು ನೇಯಬೇಕು. ಮಗ್ಗವನ್ನು ಕಣ್ಣಿನ ಮಟ್ಟಕ್ಕೆ ಎತ್ತೋಣ ಅಂದರೆ ಅದರ ಗೂಟಗಳು ನೆಲದಲ್ಲಿವೆ. ಅವು ಮೇಲೆ ಬರುವ ಹಾಗಿಲ್ಲ. ದುಂಡ್ಯಾ ಗುದ್ದಲಿ ಹಿಡಿದ. ಕುಣಿ ಅಗೆದ, ಅಗೆದ, ಅಗೆದ. ತುಳಿಯುವ ಹಲಗೆಗಳಿಗೆ ಹಗ್ಗ ಉದ್ದ ಮಾಡಿ ಕೆಳಗಿಳಿಸಿದ. ತಾನೂ ಇಳಿದು ಕೂತ.

ಮರುದಿನ ಪರಪ್ಪ ಎಲೆಅಡಿಕೆ ಜಗಿಯುತ್ತ ಬಂದ. ಒಳಗೆ ಮಣ್ಣಿನ ಗುಡ್ಡ! ಗುಡ್ಡದಾಚೆ ನೆಲದ ಮೇಲೆ ಒಂದು ತಲೆ! ಮಗ್ಗ ಮಾತ್ರ ಲಟಪಟ ಅಂತ ನಡೆದಿದೆ.

“ಎಲ್ಲೋ ನಿನ್ನ ಮೈ?”

“ಕೆಳಗೈತ್ರಿ ಮಾಲಕ್ರ. ಮಗ್ಗ ಏಳಲಿಲ್ಲ, ನಾನ ಇಳದೆ!”

ಬಾಳವ್ವ ಓಡಿ ಬಂದು ಕುಣಿಯ ಪಕ್ಕ ನಿಂತಳು. ಪರಪ್ಪ ನೋಡಿದ. ಕುತ್ತಿಗೆ ನೆಟ್ಟಗಿದೆ. ಬಾಯಿ ಮುಚ್ಚಿದೆ. ಕಟಕ್ ಇಲ್ಲ, ಟಪ್ ಇಲ್ಲ. ಸೀರೆಯ ಮೇಲೆ ಒಂದು ಕಲೆ ಇಲ್ಲ.

“ಭಲೇ! ಮಗ್ಗ ನಿಂದ ಅಪ್ಪಾ!” ಅಂತ ಪರಪ್ಪ ಕುತ್ತಿಗೆ ಮುಂದೆ ಚಾಚಿ, ಕುಣಿಯೊಳಗೆ ಇಣುಕಿ, ಬಾಯಿ ತೆರೆದು ನಕ್ಕ. ಟಪ್! ಸೆರಗಿನ ಬಿಳಿ ಪಟ್ಟಿಯ ಮೇಲೆ ಎಲೆಅಡಿಕೆಯ ಕೆಂಪು ಹನಿ ಬಿತ್ತು.

ದುಂಡ್ಯಾ ತಲೆ ಎತ್ತಿ ಅಂದ: “ಹದಿನೈದು ದಿನ ನೀವು ಮಗ್ಗ ಮುಟ್ಟಂಗಿಲ್ರಿ. ಯಾರ ಬಾಯಿಂದ ಹನಿ ಬಿದ್ರೂ ಅಷ್ಟ, ಕುತ್ತಿಗಿ ನೆಟ್ಟಗ ಮಾಡಿಕೊಂಡಾ ಮಗ್ಗಕ್ಕ ಬರಬೇಕು ಅಂದಿದ್ರಿ.”

ಪರಪ್ಪ ಕುತ್ತಿಗೆ ಸವರಿಕೊಂಡ. “ಖರೇ ಅಂದ್ರ ನನಗೂ ಭಾಳ ದಿನದಿಂದ ನೋವು ಐತಿ ಬಾಳವ್ವಾ. ಇವಗ ಹೆಂಗ ಕಲಿಸಿದ್ರಿ?”

ಬಾಳವ್ವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ್ಗ ಉಳಿಯಿತು! ಮಗ ಗುರುವಾದ! ಗಡಿಗೆ ತಲೆ ಮೇಲಿಟ್ಟು ಹೊರಟವಳು ಬಾಗಿಲಲ್ಲಿ ತಿರುಗಿ ಹೇಳಿದಳು: “ದುಂಡ್ಯಾ, ನಿನಗ ಹೆಂಗ ಕಲಿಸೀವಿ ಹಂಗ ಮಾಲಕರಿಗೆ ಕಲಿಸು. ಒಂದೂ ಬಿಡಬ್ಯಾಡ!”

ಸಂಜೆ ತಿರುಗಿ ಬಂದಳು. ಓಣಿಯ ಸಂದಿಯ ಹತ್ತಿರ ಜನವೋ ಜನ! ನುಗ್ಗಿ ನೋಡಿದರೆ, ಪರಪ್ಪ ಹಿಮ್ಮಡ, ಬೆನ್ನು, ತಲೆ ಗೋಡೆಗೆ ಹಚ್ಚಿ ನಿಂತಿದ್ದಾನೆ. ಬೆನ್ನ ತುಂಬ ಸುಣ್ಣ.

“ಬಾಳವ್ವಾ, ಗೋಡಿ ಮುಗೀತವ್ವಾ! ಮನೀಗೆ ಹೆಂಗ ಹೋಗಲಿ? ಬಿಟ್ರ ಕುತ್ತಿಗಿ ಮತ್ತ ಮುಂದ ಬರತದಂತ!”

ಪೆದ್ದರು ಊರಿಗೆ ಒಬ್ಬರೇ ಇರುತ್ತಾರೆ ಅಂತ ಯಾರು ಹೇಳಿದರು?

“ದುಂಡ್ಯಾ! ನೂರು ಎಣಿಸಿ ಬಿಡಬೇಕಂತ ಹೇಳಲಿಲ್ಲೇನೋ?”

“ಅದನ್ನ ನೀ ನನಗ ಸಂಜೀಕ, ಇದಾ ಸಂದ್ಯಾಗ ಹೇಳಿದ್ದಿ. ಹೇಳಾಕಂತನ ಈಗ ಬಂದೆ ಬೇ!” ಅಂದ ದುಂಡ್ಯಾ, ಗದ್ದ ಒಳಗೆ ಎಳೆದುಕೊಂಡು. “ನಾಳಿಗೆ ಒಂದು ಗಡಿಗಿ ತುಂಬ ಮೊಸರು ತಗದಿಡು. ಮಾಲಕರು ಒಡೀಬೇಕಲ್ಲ!”